ಚೀಟಿ ಕಳೆದ ಮೂರು ಲೀಚಿ ಗಿಡಗಳು

ಗೊತ್ತಿಲ್ಲದ ವಿಷಯದ ಎದುರು ಸುಮ್ಮನೆ ಕುಳಿತಿರುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದಾಗ, ಬಾಯಿ ಹೊಲಿದ ಬುಟ್ಟಿಗಳನ್ನು ಮೂಸಿ ನೋಡಿ ಒಳಗೇನಿದೆ ಎಂದು ಊಹಿಸುವುದು ನನ್ನ ಚಟವಾಗಿತ್ತು. ಚೀಟಿಯಲ್ಲಿ ಎಲ್ಲ ಬರೆದೇ ಇರುತ್ತಿತ್ತು, ಆದರೆ ಮೊದಲೇ ಓದಿಬಿಟ್ಟರೆ ಏನು ಸುಖ? ಹೀಗೆಯೇ ಒಮ್ಮೆ ಒಣಮೀನಿನ ಬುಟ್ಟಿಗೆ ಮೂಗು ಒಡ್ಡಿ, ಲಿಂಗ ಕಟ್ಟಿದ ಮೈಯವನು ಎರಡು ದಿನ ಊಟ ಬಿಟ್ಟಿದ್ದೆ. ಇಂಥವನ ಕೈಗೆ ಚೀಟಿಯೇ ಇಲ್ಲದ ಮೂರು ಗಿಡ ಸಿಕ್ಕರೆ ಏನಾಗುತ್ತದೆ ಎನ್ನುವುದೇ ಈ ಕಥೆ.

ಇದಕ್ಕೆಲ್ಲ ಮೂಲ ನಮ್ಮ ಅವ್ವ. ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು, ಜನ ಮತ್ತೆ ಧೈರ್ಯವಾಗಿ ರೈಲು ಹತ್ತತೊಡಗಿದ ಮೇಲೆ ಒಂದು ಬೇಸಿಗೆಯಲ್ಲಿ ಅವಳು ಊರ ಹೆಂಗಸರ ಜೊತೆ ಕಾಶಿಗೆ ಹೋಗಿಬಂದಳು. ಬಂದವಳು ಗಂಗೆಯ ಸುದ್ದಿ ಎರಡು ಮಾತಿನಲ್ಲಿ ಮುಗಿಸಿ, ಅಲ್ಲಿ ತಿಂದ ಒಂದು ಹಣ್ಣಿನ ಸುದ್ದಿ ಶುರು ಮಾಡಿದಳು. ಹೊರಗೆ ಕೆಂಪಗೆ ಮುಳ್ಳುಮುಳ್ಳು ಸಿಪ್ಪೆ, ಒಳಗೆ ಬೆಳ್ಳಗೆ ನೀರು ತುಂಬಿದ ತಿರುಳು, ಅದರೊಳಗೆ ಕಪ್ಪು ಬೀಜ. ಹೆಸರು ಮರೆತಿದ್ದಳು. ಪಕ್ಕದ ಮನೆಯ ಗಂಗಮ್ಮ ದಂಡೋತಿ ಊರಿನ ಹೆಣ್ಣುಮಗಳು, ಮಾತಿನಲ್ಲಿ ಭಾಳ ಚೂಪು. ಕೇಳಿ ನಕ್ಕಳು. "ಬಿಳೇದು, ನಟ್ಟನಡುವ ಕರೇದು? ಯಕ್ಕಾ, ನೀ ತಿಂದದ್ದು ಹಣ್ಣಲ್ಲ, ಯಾರದೋ ಕಣ್ಣು!" ಓಣಿಯೆಲ್ಲ ನಕ್ಕಿತು. ಅಂದಿನಿಂದ ಯಾರಾದರೂ ದೊಡ್ಡ ಸುಳ್ಳು ಹೇಳಿದರೆ 'ಕಾಶಿ ಹಣ್ಣು' ಎನ್ನುವುದು ನಮ್ಮ ಓಣಿಯ ರೂಢಿಯಾಯಿತು. ಅವ್ವ ಕಾಶಿಯ ಮಾತನ್ನೇ ನಿಲ್ಲಿಸಿಬಿಟ್ಟಳು. ಜನ್ಮಕ್ಕೊಂದು ಸಲ ಅಷ್ಟು ದೂರ ಹೋಗಿಬಂದವಳು ಅದರ ಬಗ್ಗೆ ಬಾಯಿ ಬಿಡದೆ ಕುಳಿತಿರುವುದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಸ್ಟೇಷನ್ನಿನಲ್ಲಿ ತಿವಾರಿ ಎಂಬ ಗಾರ್ಡ್ ಇದ್ದರು, ಬಿಹಾರದವರು. ಅವರ ಮುಂದೆ ಹಣ್ಣಿನ ವರ್ಣನೆ ಮಾಡಿದ್ದೇ ತಡ, ಅವರ ಕಣ್ಣಲ್ಲಿ ನೀರು ಬಂತು. "ಲೀಚಿ ಬಾಬೂಜಿ, ಲೀಚಿ!" ಎಂದರು. ಊರಿಗೆ ಹೋದವರು ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿ ಮೂರು ಸಸಿ ತಂದರು. ಮೂರೂ ಬೇರೆಬೇರೆ ತಳಿ, ಒಂದೊಂದಕ್ಕೂ ಹೆಸರಿನ ಚೀಟಿ. ಶಾಹಿ ಅನ್ನುವುದು ಎತ್ತರಕ್ಕೂ ಅಗಲಕ್ಕೂ ದಂಡೆತ್ತಿ ಹೋದಂತೆ ಬೆಳೆಯುತ್ತದೆ. ಚೈನಾ ಗಿಡ್ಡ, ಗುಂಡಗೆ ಛತ್ರಿಯ ಹಾಗೆ ಕೂರುತ್ತದೆ. ಬೇದಾನಾ ಎರಡರ ನಡುವಿನದು, ಆದರೆ ಅದರ ಹಣ್ಣಿನಲ್ಲಿ ಬೀಜ ಇದ್ದೂ ಇಲ್ಲದಂತೆ. ಇಷ್ಟು ಹೇಳಿದ ತಿವಾರಿಯವರಿಗೆ ಮರುವಾರವೇ ದೂರದೂರಿಗೆ ವರ್ಗವಾಯಿತು. ಸಸಿಗಳನ್ನು ಅಂಗಳದಲ್ಲಿಟ್ಟು ಗುಂಡಿ ತೋಡುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಗಂಗಮ್ಮನ ಮೇಕೆ ಮೂರೂ ಚೀಟಿ ತಿಂದು ಮುಗಿಸಿ ನಾಲ್ಕನೆಯದಕ್ಕಾಗಿ ನನ್ನ ಮುಖ ನೋಡುತ್ತಿತ್ತು. ಎಲೆಗಳಿಗೆ ಬಾಯಿ ಹಾಕಿರಲಿಲ್ಲ. ಅಷ್ಟರ ಮಟ್ಟಿಗೆ ಮೇಕೆ ಒಳ್ಳೆಯದು.

ಈಗ ಯಾವುದು ಯಾವುದು? ಬೆಳೆಯುವ ರೀತಿಯಿಂದಲೇ ಪತ್ತೆ ಹಚ್ಚುವುದೆಂದು ತೀರ್ಮಾನಿಸಿದೆ. ಒಂದನ್ನು ಬಚ್ಚಲ ಹಿಂದೆ, ಒಂದನ್ನು ಬಾವಿಯ ಬಳಿ, ಒಂದನ್ನು ಗೋಡೆಯ ಮೂಲೆಯಲ್ಲಿ ನೆಟ್ಟೆ. ಪ್ರತಿ ಭಾನುವಾರ ಅಳತೆಯ ಟೇಪು ಹಿಡಿದು ಎತ್ತರ, ಅಗಲ, ಎಲೆಗಳ ಲೆಕ್ಕ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಮೊದಲ ಮಳೆಗಾಲದಲ್ಲೇ ಬಾವಿಯ ಬಳಿಯ ಗಿಡದ ತುದಿ ಎಲೆಗಳೆಲ್ಲ ತಾಮ್ರದಂತೆ ಕೆಂಪಾಗಿ ಜೋತುಬಿದ್ದವು. ರೋಗವೆಂದು ಹೆದರಿ ಬೂದಿ ಚೆಲ್ಲಿದೆ, ಮಜ್ಜಿಗೆ ಹೊಯ್ದೆ. ನನ್ನ ಹೆಂಡತಿ ಕಲಾವತಿ ಮಜ್ಜಿಗೆಯ ಖಾಲಿ ಗಡಿಗೆ ನೋಡಿ, "ನಿಮಗ ಅನ್ನಕ್ಕ ಇನ್ನ ಬೂದೀನೇ ಕಲಸಿ ಕೊಡ್ತೀನ್ರಿ" ಎಂದಳು. ಅವ್ವ ಮಾತ್ರ ಬಗ್ಗಿ ನೋಡಿ, "ಹುಚ್ಚಪ್ಪಾ, ಇದು ಹೊಸಾ ಚಿಗುರು. ಮಾವಿಂದು ಹಿಂಗೇ ಇರಂಗಿಲ್ಲೇನು?" ಎಂದಳು. ಹದಿನೈದು ದಿನದಲ್ಲಿ ಆ ಕೆಂಪೆಲ್ಲ ಹಸಿರಾಗಿ ನೆಟ್ಟಗಾಯಿತು. ಆಮೇಲೆ ಗಿಡ ನಿದ್ದೆಗೆ ಬಿದ್ದಂತೆ ಎರಡು ತಿಂಗಳು ಅಲುಗಲಿಲ್ಲ. ಸತ್ತಿತೇನೋ ಎಂದು ದಿನವೂ ಉಗುರಿನಿಂದ ತೊಗಟೆ ಕೆರೆದು ಹಸಿರು ಇದೆಯೇ ಎಂದು ನೋಡುತ್ತಿದ್ದೆ. "ಸಿದ್ದ್ಯಾ, ದಿನಾ ನಿನ್ನ ಮೈ ಹಿಂಗ ಕೆರದ್ರ ನೀ ಬದಕ್ತೀ ಏನೋ?" ಎಂದು ಅವ್ವ ಕೈಗೆ ಹೊಡೆದಳು. ಲೀಚಿ ಹೀಗೆಯೇ, ಒಮ್ಮೆಲೆ ಚಿಗುರಿ ಆಮೇಲೆ ಬಹುದಿನ ಸುಮ್ಮನಿರುವ ಗಿಡವೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಎರಡು ವರ್ಷಕ್ಕೆ ನನ್ನ ಪುಸ್ತಕದಲ್ಲಿ ತೀರ್ಪು ಸಿದ್ಧವಾಯಿತು. ಬಚ್ಚಲ ಹಿಂದಿನದು ಸರಸರ ಬೆಳೆದು ಸೂರು ಮುಟ್ಟಿತ್ತು, ಆದ್ದರಿಂದ ಶಾಹಿ. ಮೂಲೆಯದು ನನ್ನ ಮೊಣಕಾಲು ದಾಟಿರಲಿಲ್ಲ, ಆದ್ದರಿಂದ ಚೈನಾ. ಬಾವಿಯದು ಬೇದಾನಾ. ಹೆಮ್ಮೆಯಿಂದ ಮನೆಯವರಿಗೆ ಓದಿ ಹೇಳಿದೆ. ಕಲಾವತಿ ಕೇಳಿದಳು, "ನಾ ದಿನಾ ನಾಲ್ಕು ಮಂದಿ ಜಳಕದ ನೀರು ಬಿಡೂದು ಯಾವ ಗಿಡಕ್ಕ್ರಿ?" ಬಚ್ಚಲ ಹಿಂದಿನದಕ್ಕೆ! ನಾನು ಪುಸ್ತಕ ಮಡಚಿಟ್ಟೆ. ಆದರೆ ಸಂಶಯ ತಲೆಯೊಳಗೆ ಸೇರಿಕೊಂಡಿತು. ಮೂಲೆಯ ಗಿಡ ಗಿಡ್ಡವಾಗಿರುವುದು ತಳಿಯ ಗುಣವೋ ಜಾಗದ ಗುಣವೋ? ತಡೆಯಲಾರದೆ ಒಂದು ರಜೆಯ ದಿನ ಬುಡದ ಸುತ್ತ ಅಗೆದೆ. ಒಂದೂವರೆ ಮೊಳಕ್ಕೆ ಸಲಿಕೆ ಠಣ್ ಎಂದಿತು. ಒಳಗೆ ಅಂಗಳದಷ್ಟಗಲ ಚಪ್ಪಡಿಯಂಥ ಫರಸಿಕಲ್ಲು ಹಾಸಿಕೊಂಡಿತ್ತು, ಬೇರು ಅದರ ಮೇಲೆ ಮಡಚಿಕೊಂಡು ಬಿದ್ದಿತ್ತು. ನಿಜ ಗೊತ್ತಾಯಿತು ಎಂದು ನಾನು ಖುಷಿಪಟ್ಟೆ. ಗಿಡಕ್ಕೆ ಆ ಖುಷಿ ತಾಳಲಾಗಲಿಲ್ಲ, ಒಂದು ವಾರದಲ್ಲಿ ಒಣಗಿತು. ಅದು ಯಾವ ತಳಿಯೆಂದು ಕೊನೆಗೂ ಗೊತ್ತಾಗಲಿಲ್ಲ. ಅವ್ವ ಒಣಗಿದ ಕಡ್ಡಿ ಕಿತ್ತು ನನ್ನ ಕೈಗೆ ಕೊಟ್ಟಳು. "ನಾವು ಬಸವಣ್ಣನ ಮಂದಿ. ಜಾತಿ ಕೇಳೂದ ಬಿಟ್ಟು ನೀರು ಹಾಕೋ ಯಪ್ಪಾ" ಎಂದಳು. ಅದಾದ ಮೇಲೆ ಟೇಪು ಮುಟ್ಟಿದರೂ ಸಲಿಕೆ ಮುಟ್ಟಲಿಲ್ಲ. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಅವ್ವ ತಾನು ಮುಖ ತೊಳೆದ ನೀರನ್ನೂ ಬೋಗುಣಿಯಲ್ಲಿ ಹಿಡಿದು ಆ ಎರಡು ಗಿಡಗಳಿಗೆ ಹಾಕುತ್ತಿದ್ದಳು.

ಆರನೆಯ ವರ್ಷದ ಚಳಿಗಾಲದ ಕೊನೆಯಲ್ಲಿ ಬಚ್ಚಲ ಹಿಂದಿನ ಗಿಡ ಹೂಬಿಟ್ಟಿತು. ಆಗ ಊರಲ್ಲೆಲ್ಲ ನಾವು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುತ್ತೇವಂತೆ ಎಂಬ ಮಾತು. ನಮ್ಮ ಮನೆಯಲ್ಲಿ ಮಾತ್ರ ಎಷ್ಟು ಕಾಯಿ ಕಚ್ಚುತ್ತವೆ ಎಂಬುದೊಂದೇ ಚರ್ಚೆ. ಸಾವಿರ ಹೂವಿನಲ್ಲಿ ಐದು ಕಾಯಿ ನಿಂತವು. ಬಿಸಿಗಾಳಿಗೆ ಎರಡು ಸೀಳಿದವು, ಒಂದು ಉದುರಿತು, ಒಂದನ್ನು ಗಿಳಿ ಕುಕ್ಕಿತು. ಉಳಿದ ಒಂದಕ್ಕೆ ಕಲಾವತಿ ತನ್ನ ಹಳೆಯ ಸೀರೆಯ ಚೂರಿನಿಂದ ಚೀಲ ಹೊಲಿದು ಕಟ್ಟಿದಳು.

ಅದು ಕೆಂಪಾದ ದಿನ ಅವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಗಂಗಮ್ಮನನ್ನು ಕರೆದಳು. "ಬಾ, ಕುಂದ್ರು" ಎಂದು ಮಣೆ ಹಾಕಿ ಹಣ್ಣು ಸುಲಿದಳು. ಬೆಳ್ಳಗೆ ನೀರು ಸುರಿಯಿತು. ನಾವೆಲ್ಲ ಅವಳೇ ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದುಕೊಂಡರೆ, ಅವಳು ಅದನ್ನು ಗಂಗಮ್ಮನ ಕೈಯಲ್ಲಿಟ್ಟಳು. ಗಂಗಮ್ಮ ಅರ್ಧ ಕಚ್ಚಿದಳು. ತುಟಿಯಿಂದ ಇಳಿದ ರಸವನ್ನು ಸೆರಗಿನಿಂದ ಒರೆಸಿಕೊಂಡಳು. "ಖರೇ ಅದ ಯಕ್ಕಾ. ನೀ ಹೇಳಿದ್ದೆಲ್ಲಾ ಖರೇ ಅದ. ನಾ ಸುಮ್ನ ನಕ್ಕಿದ್ದೆ, ತಪ್ಪಾಯ್ತು" ಎಂದು ಉಳಿದರ್ಧವನ್ನು ಅವ್ವನ ಬಾಯಿಗೆ ತಾನೇ ಹಾಕಿದಳು. ಇಬ್ಬರೂ ಕಣ್ಣೊರೆಸಿಕೊಂಡರು. ನನ್ನ ಕೈಗೆ ಬಂದದ್ದು ಬೀಜ. ಲವಂಗದ ಹಾಗೆ ಸೊರಗಿದ, ಇದ್ದೂ ಇಲ್ಲದ ಬೀಜ! ಅಂದರೆ ಆರು ವರ್ಷ ನಾನು ಶಾಹಿ ಎಂದು ಅಳೆದದ್ದು ಬೇದಾನಾ. ಹಣ್ಣಿನ ರುಚಿ ಹೇಗಿತ್ತೆಂದು ಕೇಳಿದರೆ ಗಂಗಮ್ಮ ಗುಲಾಬಿ ಎಂದಳು, ಅವ್ವ ಕಬ್ಬು ಎಂದಳು. ಲೀಚಿಯ ಮೇಲೆ ಇಡೀ ಒಂದು ಪುಸ್ತಕ ಬರೆದವನಿಗೆ ಅದರ ರುಚಿ ಗೊತ್ತಿಲ್ಲ.

ಆ ಸಂಜೆ ನಮ್ಮ ಕಟ್ಟೆಯ ತುಂಬ ಹೆಂಗಸರು. ಅವ್ವ ಆರು ವರ್ಷ ಕಟ್ಟಿಟ್ಟಿದ್ದ ಕಾಶಿಯನ್ನು ಬಿಚ್ಚಿದ್ದಳು. ಘಾಟು, ದೋಣಿ, ಗಲ್ಲಿ ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ, "ಅಲ್ಲೇ ಇನ್ನೊಂದು ಕಾಯಿ ನೋಡಿದ್ದೆ, ನೀರಾಗೇ ಬಳ್ಳಿ ಬಿಟ್ಟು ಬೆಳೀತದ, ಎತ್ತಿನ ತಲಿ ಇದ್ದಂಗ ಎರಡು ಕೋಡು" ಎಂದಳು. ಯಾರೂ ನಗಲಿಲ್ಲ. ಗಂಗಮ್ಮನಂತೂ ಹೌದು ಹೌದು ಎಂದು ತಲೆಯಾಡಿಸಿದಳು. ಕಲಾವತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು, ಬೇಡ ಎಂಬಂತೆ. ನನಗೂ ಬೇಡವೇ ಇತ್ತು. ಆದರೆ ಬಾಯಿ ತನ್ನಷ್ಟಕ್ಕೆ ತಾನೇ ಕೇಳಿಬಿಟ್ಟಿತು: "ಅವ್ವಾ, ಅದರ ಬಳ್ಳಿ ಉದ್ದ ಬೆಳೀತಿತ್ತೇನು, ಅಗಲ ಬೆಳೀತಿತ್ತೇನು?"