ಅವ್ವನ ಸೀರೆಗೆ ಯಜಮಾನರ ಗೇಣು

ಆ ಭಾನುವಾರ ಶಿಕಾರಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ವರು ಹಾಜರಿದ್ದೆವು. ನಾನು, ನಮ್ಮ ಯಜಮಾನರು, ಪಕ್ಕದ ಮನೆಯ ಗಿರಿಜಕ್ಕ, ಮತ್ತು ನನ್ನ ಮದುವೆಯಲ್ಲಿ ಬಂದ ಹೊಲಿಗೆ ಮಿಷನ್ನು. ಮಿಷನ್ನನ್ನೂ ಲೆಕ್ಕಕ್ಕೆ ಯಾಕೆ ಸೇರಿಸಿದೆ ಅಂದರೆ, ಮುಂದೆ ನಡೆದ ಅನಾಹುತದಲ್ಲಿ ಪಾಲು ಹಂಚುವಾಗ ಒಬ್ಬರು ಹೆಚ್ಚಿದ್ದರೆ ನನ್ನ ಪಾಲು ಅಷ್ಟು ಕಡಿಮೆಯಾಗುತ್ತದಲ್ಲ!

ನಮ್ಮ ಮುಂದೆ ಚಾಪೆಯ ಮೇಲೆ ಅವ್ವನ ಇಳಕಲ್ ಸೀರೆ ಹಾಸಿತ್ತು. ಹಸಿರು ಒಡಲು, ಕೆಂಪು ಸೆರಗು. ಅವ್ವ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಉಳಿದ ಸೀರೆಗಳನ್ನೆಲ್ಲ ನೆಂಟರ ಹೆಂಗಸರಿಗೆ ಹಂಚಿಯಾಗಿತ್ತು. ಇದೊಂದನ್ನು ಮಾತ್ರ ನಾನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದೆ. ಇದರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅವಳು ಅಂಜನಾಪುರದ ಗದ್ದೆ ಬದುವಿನ ಮೇಲೆ ನಡೆಯುತ್ತಿದ್ದದ್ದು. ಉಟ್ಟು ಉಟ್ಟು, ಒಗೆದು ಒಗೆದು ಬಟ್ಟೆ ಬೆಣ್ಣೆಯಾಗಿತ್ತು.

ಸೊರಬದಲ್ಲಿ ನನ್ನ ತಂಗಿ ನೇತ್ರಾ ಹೆತ್ತಿದ್ದಳು. ಹೆಣ್ಣುಮಗು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು ನಿಜ, ಆದರೆ ಅವ್ವನೇ ಇಲ್ಲದ ಮೇಲೆ ತವರು ಯಾವುದು? ಗಂಡನ ಮನೆಯಲ್ಲೇ ಎಲ್ಲ ನಡೆದಿತ್ತು. ಫೋನು ಮಾಡಿ, "ಅಕ್ಕಾ, ಹೆಸರಿಡೋ ದಿನ ಬರೋವಾಗ ಅವ್ವನ ಸೀರೆ ತಗಂಬಾ. ಪಾಪೂಗೆ ಬೇಕು. ಮರೀಬ್ಯಾಡ" ಅಂದಳು. "ಮರೀಬ್ಯಾಡ" ಅನ್ನುವಾಗ ದನಿ ಒಡೆದಿತ್ತು.

ಏನಕ್ಕೆ ಅಂತ ನಾನು ಕೇಳಲಿಲ್ಲ. ಅದರಲ್ಲಿ ಕೇಳುವುದೇನಿದೆ! ತೊಟ್ಟಿಲಿಗೆ ಹಾಕುವ ದಿನ ತವರಿನವರು ಮಗುವಿಗೆ ಕುಂಚಿಗೆ ತರುವುದು ನಮ್ಮಲ್ಲಿ ಪದ್ಧತಿ. ತಲೆಗೆ ಟೊಪ್ಪಿಗೆ, ಅದಕ್ಕೇ ಹೊಂದಿಕೊಂಡು ಬೆನ್ನ ಮೇಲೆ ಇಳಿಬಿದ್ದ ಬಟ್ಟೆ, ಅದೇ ಕುಂಚಿಗೆ. ಅಜ್ಜಿಯ ಸೀರೆ, ದೊಡ್ಡಮ್ಮನ ಕೈಹೊಲಿಗೆ! ಸೊರಬದ ಹೆಂಗಸರು ಮೂಗಿನ ಮೇಲೆ ಬೆರಳಿಡುವುದು ನನ್ನ ಕಣ್ಣಿಗೆ ಕಟ್ಟಿತು.

"ಪೇಟೇಲಿ ಚೆಂದಚೆಂದದ್ದು ಸಿಗ್ತಾವಲ್ಲೇ" ಅಂದರು ಯಜಮಾನರು.

"ಪೇಟೇಲಿ ನಮ್ಮವ್ವ ಸಿಗ್ತಾಳೇನ್ರೀ?"

ಅವರು ಬಾಯಿ ಮುಚ್ಚಿಕೊಂಡರು. ಮುಚ್ಚಿಸಿದ್ದೇ ತಪ್ಪಾಯಿತು.

ಅಳತೆ ಹೇಳಿದ್ದು ಗಿರಿಜಕ್ಕ. "ಮುಖದ ಸುತ್ತ ಎರಡು ಗೇಣು, ಹಿಂದೆ ಇಳಿಬೀಳೋಕೆ ಎರಡು ಗೇಣು. ನಮ್ಮತ್ತೆ ಹಂಗೇ ಹೊಲೀತಿದ್ರು" ಅಂದವಳೇ, ಕುಕ್ಕರ್ ಕೂಗಿತು ಅಂತ ಮನೆಗೆ ಓಡಿದಳು. ನನ್ನ ಎರಡೂ ಕೈಯಲ್ಲಿ ಬಟ್ಟೆ. "ರೀ, ನೀವೇ ಗೇಣು ಹಾಕ್ರಿ" ಅಂದೆ.

ನಮ್ಮ ಯಜಮಾನರದು ಕಬ್ಬಿಣದ ಅಂಗಡಿ. ಕೈ ಬಿಚ್ಚಿದರೆ ಗಲ್ಲಾಪೆಟ್ಟಿಗೆ ಮುಚ್ಚುತ್ತದೆ.

"ಯಾಕೋ ದೊಡ್ಡದಾತೇನೋ" ಅಂತ ನಾನು ಅನುಮಾನಿಸಿದೆ.

"ಗೇಣು ಅಂದ್ರೆ ಗೇಣು. ಅದ್ರಾಗೆ ಗಂಡು ಗೇಣು, ಹೆಣ್ಣು ಗೇಣು ಅಂತ ಇರ್ತಾವೇನು?"

ಇರುತ್ತವೆ! ಗೊತ್ತಾದದ್ದು ಆಮೇಲೆ.

ಕುಂಚಿಗೆಗೆ ಸುತ್ತಲೂ ಅಂಚು ಇದ್ದರೆ ಶೋಭೆ ಎಂದು ತೀರ್ಮಾನಿಸಿ, ಸೀರೆಯ ಎರಡೂ ದಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಕತ್ತರಿಸಿ ತೆಗೆದೆ. ಬಟ್ಟೆ ಸಪ್ಪಳವನ್ನೂ ಮಾಡಲಿಲ್ಲ. ಶುಭಕಾರ್ಯದಲ್ಲಿ ಇಂಥದ್ದಕ್ಕೆಲ್ಲ ಗಮನ ಕೊಡಬಾರದೆಂದು ಮುಂದುವರಿದೆ.

ತುದಿಗಳು ಸವೆದಿದ್ದವು ಅಂತ ಮೊದಲ ಕುಂಚಿಗೆಯ ಬಟ್ಟೆಯನ್ನು ಸೀರೆಯ ನಟ್ಟನಡುವೆ ಕತ್ತರಿಸಿದೆ. ಹೊಲಿದು ಎತ್ತಿ ಹಿಡಿದರೆ, ಮುಖ ಬರುವ ಕಡೆಯೇ ಮುಚ್ಚಿಹೋಗಿತ್ತು. ಕುಂಚಿಗೆ ಹೋಗಿ ಸಂತೆ ಚೀಲ! ಎರಡನೆಯದನ್ನು ಮಿಷನ್ನು ಒಳಗೆಳೆದುಕೊಂಡು ಎಮ್ಮೆ ಮೆಲುಕು ಹಾಕಿದ ಹಾಗೆ ಅಗಿಯಿತು. ಬಿಡಿಸುವಷ್ಟರಲ್ಲಿ ಉಳಿದದ್ದು ಗಾಯಕ್ಕೆ ಕಟ್ಟಲು ಲಾಯಕ್ಕಾಗಿತ್ತು. ಮೂರನೆಯದಕ್ಕೆ ಸೆರಗಿಗೇ ಕೈಹಾಕಿದೆ. ಅದು ಕುಂಚಿಗೆಯ ಹಾಗೆಯೇ ಬಂತು. ಚಾಪೆಯ ಮೇಲೆ ಅವ್ವನ ಸೀರೆ ಮಾತ್ರ ಕರು ಮೇಯ್ದ ಗದ್ದೆಯಂತಿತ್ತು.

ಹಾಕಿ ನೋಡೋಣವೆಂದರೆ ಮಗು ಸೊರಬದಲ್ಲಿ. ಮನೆಯಲ್ಲಿ ಲಭ್ಯವಿದ್ದ ತಲೆ ಯಜಮಾನರದೊಂದೇ. ತೊಡಿಸಿ ಗದ್ದದ ಕೆಳಗೆ ಕಸೆ ಕಟ್ಟಿದೆ. ಅದೇ ಹೊತ್ತಿಗೆ ಹಾಲಿನ ಬಸಣ್ಣ ಬಾಗಿಲಿಗೆ ಬಂದು ನಿಂತ.

"ಅಣ್ಣಾರಿಗೆ ಶೀತಾನಾ ಅಕ್ಕಾ?"

"ನಿನ್ನ ಹಾಲು ಕುಡಿದೇ ಆಗಿದ್ದು ಕಣೋ, ನೀರು ಜಾಸ್ತಿ!" ಅಂದರು ಇವರು, ಕುಂಚಿಗೆಯೊಳಗಿಂದಲೇ.

ಗಂಡನ ತಲೆಗೆ ಸರಿಹೋದದ್ದು ಕೂಸಿನ ತಲೆಗೆ ಹೇಗೆ ಸರಿಹೋದೀತು ಎಂಬ ಪ್ರಶ್ನೆ ನಮ್ಮಲ್ಲಿ ಹುಟ್ಟಬೇಕಿತ್ತು. ಹುಟ್ಟಿತು. "ಬೆಳೆಯೋ ಮಗು" ಎಂದು ನಾವೇ ಉತ್ತರ ಕೊಟ್ಟುಕೊಂಡೆವು. ಮೆತ್ತಗಿದೆ, ನೆಟ್ಟಗೆ ನಿಲ್ಲುತ್ತಿಲ್ಲ ಅಂತ ನಾನು ಗಂಜಿ ಬೇರೆ ಹಾಕಿ ಒಣಗಿಸಿದೆ. ಹಪ್ಪಳದಂತಾಯಿತು.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ, ಯಾರೂ ಒತ್ತದಂತೆ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಸೊರಬ ಸೇರಿದೆ. ಮನೆ ತುಂಬ ಹೆಂಗಸರು. ನೇತ್ರಾ ಸೊರಗಿದ್ದಳು. ನನ್ನನ್ನು ನೋಡಿದವಳೇ ಮೊದಲು ಕೇಳಿದ್ದು, "ಸೀರೆ ತಂದ್ಯಾ ಅಕ್ಕಾ?"

ನಾನು ಗತ್ತಿನಿಂದ ಕುಂಚಿಗೆ ತೆಗೆದು ಅವಳ ಕೈಯಲ್ಲಿಟ್ಟೆ.

"ಇದಲ್ಲ. ಸೀರೆ."

"ಇದೇ ಸೀರೆ ಕಣೇ!"

ಅವಳು ತಿರುವಿ ನೋಡಿದಳು. ದಡಿ ಗುರುತು ಹಿಡಿದಳು. ಅವಳ ಅತ್ತೆ ಮೆಲ್ಲಗೆ ಅಂದರು, "ಶಾಸ್ತ್ರ ಮುಗಿದ್ಮೇಲೆ ಅವ್ವನ ಸೀರೇಲಿ ಜೋಲಿ ಕಟ್ತೀನಿ ಅಂತ ನಿನ್ನೇನೇ ಹಗ್ಗ ಕಟ್ಸಿ ಇಟ್ಕಂಡಿದಾಳೆ ಕಣಮ್ಮ."

ತಲೆಯೆತ್ತಿ ನೋಡಿದೆ. ತೊಲೆಯಿಂದ ಹೊಸ ಹಗ್ಗ ಇಳಿಬಿದ್ದಿತ್ತು. ಖಾಲಿ.

"ನಿನ್ನನ್ನೂ ನನ್ನನ್ನೂ ಅವ್ವ ಅವಳ ಸೀರೆ ಜೋಲೀಲೇ ಅಲ್ವೇನಕ್ಕಾ ತೂಗಿದ್ದು?" ಅಂದಳು ನೇತ್ರಾ. "ಅವ್ವ ಇವಳನ್ನ ಎತ್ಕಳ್ಲಿಲ್ಲ. ಸೀರೇಲಾದ್ರೂ ಮಲಗ್ಲಿ ಅಂತ..."

ನನ್ನ ಹತ್ತಿರ ಆಗ ಹೇಳಲು ಇದ್ದದ್ದು ಒಂದೇ ಮಾತು. "ಗಂಜಿ ಹಾಕಿದೀನಿ" ಅಂದೆ. ಯಾಕೆ ಅಂದೆನೋ ಆ ದೇವರಿಗೇ ಗೊತ್ತು!

ನನ್ನ ಮಾನ ಉಳಿಸಬೇಕೆಂದೋ ಏನೋ, ಅವಳೇ ಕುಂಚಿಗೆಯನ್ನು ಮಗುವಿಗೆ ತೊಡಿಸಿದಳು. ಮಗು ಕಾಣೆಯಾಯಿತು! ಒಳಗಿನಿಂದ ಕಿಟಾರನೆ ಅಳು ಮಾತ್ರ ಬಂತು. "ಕೂಸು ಎಲ್ಲಿಗೆ ಹೋಯ್ತ್ರೇ? ಹುಡುಕ್ರೇ!" ಅಂತ ಒಬ್ಬ ಅಜ್ಜಿ ಕೂಗಿದ್ದೇ ತಡ, ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನೇತ್ರಾ ಕೂಡ ನಕ್ಕಳು, ಸ್ವಲ್ಪ ಹೊತ್ತು. ಆಮೇಲೆ ಕುಂಚಿಗೆ ಬಿಚ್ಚಿ, ಗಂಜಿ ತರಚಿ ಕೆಂಪಾಗಿದ್ದ ಕೂಸಿನ ಕೆನ್ನೆಗೆ ತನ್ನ ಕೆನ್ನೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು.

ಅತ್ತೆ ತಮ್ಮದೊಂದು ಹಳೇ ಸೀರೆ ತಂದು ಜೋಲಿ ಕಟ್ಟಿದರು. ಮಗು ಸುಮ್ಮನೆ ಮಲಗಿತು. ಅದಕ್ಕೇನು ಗೊತ್ತು? ಗೊತ್ತಿದ್ದವರು ನಾವಿಬ್ಬರು. ನಾನು ತೂಗಿದೆ, ಅವಳು ನೋಡುತ್ತ ಕುಳಿತಳು. ಹೊರಡುವಾಗ ಕುಂಕುಮ ಕೊಟ್ಟು, "ಊಟ ಸರಿಯಾಗಿ ಮಾಡ್ಲಿಲ್ಲ ನೀನು" ಅಂದಳು. ನಾಲ್ಕು ಬೈದಿದ್ದರೆ ಹೊಟ್ಟೆ ತುಂಬುತ್ತಿತ್ತು.

ತಿಂಗಳು ಕಳೆದು ಮಗುವನ್ನು ನೋಡಲು ಮತ್ತೆ ಹೋದೆ. ದೋಸೆಗೆ ಚಟ್ನಿ ಮಾಡುತ್ತೇನೆಂದು ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ನನ್ನ ಕುಂಚಿಗೆ ಕುಳಿತಿತ್ತು. ಒಳಗೆ ಮಿಕ್ಸಿ. ಮುಖ ಬರುವ ಜಾಗದಲ್ಲಿ ಅದರ ಗುಂಡಿ ಹೊರಗೆ ನೋಡುತ್ತಿತ್ತು. ನೂಲಿನಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತ್ತು, ನಮ್ಮ ಯಜಮಾನರ ಗೇಣು!

"ಬಿಸಾಡೋಕೆ ಮನಸ್ಸು ಬರ್ಲಿಲ್ಲಕ್ಕಾ" ಅಂದಳು ನೇತ್ರಾ ಹಿಂದಿನಿಂದ. "ದಿನಾ ಬೆಳಿಗ್ಗೆ ಎದ್ದು ಮೊದ್ಲು ಅವ್ವನ್ನೇ ಮುಟ್ಟಿದಂಗಾಗತ್ತೆ."

ನಾನು ಕುಂಚಿಗೆ ತೆಗೆದಿಟ್ಟು ಚಟ್ನಿ ರುಬ್ಬಿದೆ. ಮಿಕ್ಸಿ ಒರೆಸಿ, ಮತ್ತೆ ತೊಡಿಸಿ, ಹಿಂದೆ ಮಡಚಿಕೊಂಡಿದ್ದ ಸೆರಗನ್ನು ಸರಿಮಾಡಿದೆ.