ಲ್ಯಾಟಿನ್ ಕಲಿತ ಕಂಡಕ್ಟರು

ಮೇಷ್ಟ್ರಾದವನು ಸ್ಕೂಲಿನ ಹೊರಗೆ ಪಾಠ ಮಾಡಬಾರದು. ಮಾಡಿದರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ.

ಟವೆಲ್ ಹಾಕಿದ ಸೀಟು

ಎಪ್ಪತ್ತರ ದಶಕದಲ್ಲಿ ನಾನು ಚನ್ನಗಿರಿಯಲ್ಲಿ ಇಂಗ್ಲಿಷ್ ಮೇಷ್ಟ್ರು. ಒಂದು ದಿನ ಹೊನ್ನಾಳಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಿದ್ದೆ. ಕಂಡಕ್ಟರು ಅದನ್ನು ಎತ್ತಿಟ್ಟು ಅಡಿಕೆ ವ್ಯಾಪಾರಿಯೊಬ್ಬರನ್ನು ಕೂರಿಸಿದ. ನನಗೆ ರೇಗಿತು.

"ಬಸ್ ಅನ್ನೋದು ‘ಆಮ್ನಿಬಸ್’ ಅನ್ನೋ ಲ್ಯಾಟಿನ್ ಪದ ಕಣಯ್ಯ. ತಲೆ ಕತ್ತರಿಸಿ ಬಾಲ ಇಟ್ಕೊಂಡಿದ್ದಾರೆ. ಅದರರ್ಥ ‘ಎಲ್ಲರಿಗೂ’ ಅಂತ. ದುಡ್ಡಿದ್ದವರಿಗೆ ಮಾತ್ರ ಅಂತಲ್ಲ!"

"ಹೌದೇನ್ರೀ ಮೇಷ್ಟ್ರೇ? ಇಷ್ಟು ವರ್ಷ ಸೀಟಿ ಊದಿದ್ರೂ ಗೊತ್ತಿರ್ಲಿಲ್ಲ" ಎಂದು ಆತ ಬೆರಗಾದ. ವ್ಯಾಪಾರಿಯನ್ನು ಮಾತ್ರ ಎಬ್ಬಿಸಲಿಲ್ಲ. "ಎಲ್ರಿಗೂ ಅಂದ್ರೆ ಅವ್ರಿಗೂ ಐತಲ್ರೀ!"

ಮರಿಯ ಹಕ್ಕು

ಅಂದಿನಿಂದ ಆತನಿಗೆ ಲ್ಯಾಟಿನ್ ಹುಚ್ಚು ಹಿಡಿಯಿತು. ಕುರಿ ಕಾಯುವವನೊಬ್ಬ ಮರಿ ಎತ್ತಿಕೊಂಡು ಬಂದರೆ, "ಹತ್ತಪ್ಪ, ಲ್ಯಾಟಿನ್ನಾಗೆ ನಿಂಗೂ ಐತೆ, ಮರಿಗೂ ಐತೆ" ಎಂದು ಹತ್ತಿಸಿದ. ಮರಿ ನನ್ನ ಪಂಚೆಯ ಅಂಚು ಮೇಯತೊಡಗಿತು. ದೂರಿದೆ.

"ಅದಕ್ಕೂ ಒಂದೀಟು ಅರ್ಥ ಹೇಳ್ರೀ ಮೇಷ್ಟ್ರೇ, ಬಿಡುತ್ತೆ" ಎಂದ.

ಗಂಡಿನ ಕಡೆಯವರು

ಆಗ ನನಗೆ ಮದುವೆಯ ಚಿಂತೆ. ಜಗಳೂರಿನ ಚಿಕ್ಕಪ್ಪನನ್ನು ಬಿಟ್ಟರೆ ನನ್ನವರು ಅನ್ನುವವರು ಯಾರೂ ಇರಲಿಲ್ಲ. "ಹಿಂದೆ ಮುಂದೆ ಯಾರೂ ಇಲ್ಲದೋನಿಗೆ ಹೆಣ್ಣು ಹೆಂಗೆ ಕೊಡೋದು?" ಎಂದು ಬಂದ ಸಂಬಂಧಗಳೆಲ್ಲ ಮುರಿದಿದ್ದವು. ತುಂಬ ನೋವಾಗಿತ್ತು. ಸಾಸ್ವೆಹಳ್ಳಿಗೆ ಹೆಣ್ಣು ನೋಡಲು ಹೊರಟ ದಿನ ಚಿಕ್ಕಪ್ಪನಿಗೂ ಜ್ವರ. ಒಬ್ಬನೇ ಬಸ್ಸು ಹತ್ತಿದೆ.

ವಿಷಯ ತಿಳಿದ ಕಂಡಕ್ಟರು ಹುಡುಗಿಯ ಮನೆ ಮುಂದೆಯೇ ಸೀಟಿ ಊದಿ ಬಸ್ಸು ನಿಲ್ಲಿಸಿದ. "ಎಲ್ರೂ ಇಳೀರಿ! ಮೇಷ್ಟ್ರು ಒಬ್ರೇ ಹೋದ್ರೆ ಚೆಂದಾಗಿರಲ್ಲ!"

ಹೊನ್ನಾಳಿ ಸಂತೆಗೆ ಹೊರಟವರೆಲ್ಲ ಗಂಡಿನ ಕಡೆಯವರಾಗಿಬಿಟ್ಟರು. ಡ್ರೈವರು ಹಿರಿಯರ ಜಾಗದಲ್ಲಿ ಕೂತು ಮೀಸೆ ತೀಡಿದ. ಯಾರೋ ಅಜ್ಜಿ ಹುಡುಗಿಯ ಜಡೆ ಎಳೆದು ನೋಡಿ, "ಚೌರಿ ಅಲ್ಲ, ಅಸಲಿ ಕೂದ್ಲೇ ಐತೆ" ಎಂದು ಸರ್ಟಿಫಿಕೇಟು ಕೊಟ್ಟಳು. ಉಪ್ಪಿಟ್ಟಿನ ಪಾತ್ರೆ ತಳ ಕಂಡಿತು. ಹುಡುಗಿಯ ತಂದೆಗೋ ಹಿಗ್ಗೇ ಹಿಗ್ಗು.

"ಏಟು ದೊಡ್ಡ ಬಳಗ ರೀ ನಿಮ್ದು! ನಮಗೆ ಒಪ್ಪಿಗೆ."

ಮದುವೆಯ ದಿನ ಆ ಬಳಗಕ್ಕೆಂದೇ ಹೋಳಿಗೆ ರಾಶಿ ಹಾಕಿಸಿ, ಮಾವ ಚಪ್ಪರದ ಬಾಗಿಲಲ್ಲೇ ಕಾದು ನಿಂತರು. ಬಂದದ್ದು ನಾನು ಮತ್ತು ಚಿಕ್ಕಪ್ಪ.

"ಅಳಿಯಂದ್ರೇ, ನಿಮ್ಮೋರೆಲ್ಲ ಎಲ್ರೀ?"

"ಅವರೆಲ್ಲ ಅವತ್ತೇ ಹೊನ್ನಾಳಿಯಲ್ಲಿ ಇಳಿದುಹೋದರು, ಮಾವ" ಎಂದೆ.