ದುಪ್ಪಟ್ಟು ಬೆಳಕಿನ ಫ್ಲ್ಯಾಶ್ ಕೊಳ್ಳಹೊರಟ ಫೋಟೋದವರಿಗೆ

ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಇದನ್ನು ಓದುತ್ತ ನಿಂತವರೇ, ಪತ್ರ ನಿಮ್ಮ ಹೆಸರಿಗಿಲ್ಲ. ಆದರೂ ಓದುತ್ತೀರಿ, ಪಕ್ಕದ ಮನೆಯಲ್ಲಿ ಜಗಳವಾದರೆ ಅಡುಗೆ ಬಿಟ್ಟು ಕಿಟಕಿ ತೆರೆಯುವ ಜನ ನೀವು. ಓದುವುದಾದರೆ ಗಟ್ಟಿಯಾಗಿ ಓದಿ, ಅಕ್ಷರ ಬಾರದವರೂ ಕೇಳಲಿ. ನಡುನಡುವೆ ನಕ್ಕು ಸಾಲು ನುಂಗಬೇಡಿ.

ಹುಮನಾಬಾದಿನ ಬಸ್ ಸ್ಟ್ಯಾಂಡಿನೆದುರು ಫೋಟೋ ಸ್ಟುಡಿಯೋ ನಡೆಸುವ ಮಾನ್ಯ ನರಸಿಂಗರಾಯರಿಗೆ ಬಸವಕಲ್ಯಾಣದ ಮಾಣಿಕಮ್ಮ ಮಾಡುವ ಶರಣಾರ್ಥಿಗಳು. ತಾವೂ, ತಮ್ಮ ಮನೆಯವರೂ, ತಾವು ಕೂಸಿನಂತೆ ಹೆಗಲಿಗೆ ಹಾಕಿಕೊಂಡು ತಿರುಗುವ ಆ ಬ್ಯಾಟರಿ ಪೆಟ್ಟಿಗೆಯೂ ಕ್ಷೇಮವೆಂದು ನಂಬಿದ್ದೇನೆ.

ಮಾನ್ಯರೇ, ನಮ್ಮ ಪಡಸಾಲೆಯಲ್ಲಿ ಮಟಮಟ ಮಧ್ಯಾಹ್ನವೂ ಕತ್ತಲೆಯೇ. ಅದಕ್ಕೇ ಮನೆಮಂದಿಯ ಫೋಟೋ ಎಂದರೆ ನಾವು ಇಷ್ಟು ದಿನ ಅಂಗಳದ ಬಿಸಿಲಿಗೆ ಬಂದು ಕೂರುತ್ತಿದ್ದೆವು. ತಾವು ಹೊಸ ಫ್ಲ್ಯಾಶ್ ತಂದಿರೆಂದೂ, ಇನ್ನು ಸೂರ್ಯನ ಹಂಗಿಲ್ಲವೆಂದೂ ನನ್ನ ಮಗ ಬಸವಣಪ್ಪ ಹೇಳಿದಾಗ ನಾನೇ ತಮ್ಮನ್ನು ಮನೆಗೆ ಕರೆಸಿದೆ. ತಮ್ಮ ಯಂತ್ರ ಮೊದಲು ಸೊಳ್ಳೆಯಂತೆ ಕುಂಯ್ ಎಂದಿತು, ಆಮೇಲೆ ಸಿಡಿಲಿನಂತೆ ಹೊಳೆಯಿತು. ಅದರ ಗುಣವನ್ನು ಎಷ್ಟು ಹೊಗಳಲಿ! ಜಂತಿಯ ಜೇಡರ ಬಲೆ, ಗಿಲಾವು ಉದುರಿದ ಗೋಡೆ, ಮೂಲೆಯಲ್ಲಿ ಬಚ್ಚಿಟ್ಟಿದ್ದ ಮೆಣಸಿನಕಾಯಿ ಚೀಲ, ಬಸವಣಪ್ಪ ರುಮಾಲಿನಲ್ಲಿ ಮುಚ್ಚಿಕೊಂಡ ಬೋಳುತಲೆಯ ಅಂಚು, ಒಂದನ್ನೂ ಬಿಡದೆ ತೋರಿಸಿತು. ತೊಟ್ಟಿಲ ಕೂಸು ಕೂಡ ಕಣ್ಣರಳಿಸಿ ನೋಡಿದೆ. ನನ್ನ ಕಣ್ಣು ಮಾತ್ರ ಮುಚ್ಚಿವೆ. ಮತ್ತೆ ತೆಗೆದಿರಿ, ಮತ್ತೂ ಮುಚ್ಚಿದವು. ಆ ಕುಂಯ್ ಸದ್ದು ಕೇಳಿದರೆ ಸಾಕು, ರೆಪ್ಪೆಗಳು ನನ್ನ ಮಾತು ಕೇಳುವುದಿಲ್ಲ.

ಅಷ್ಟಕ್ಕೇ ಬಿಡದೆ, ನನ್ನೊಬ್ಬಳನ್ನೇ ಕತ್ತರಿಸಿ, ದೊಡ್ಡದು ಮಾಡಿ, ಹೊಸ ಬೆಳಕಿನ ಮಾದರಿಯೆಂದು ಅಂಗಡಿಯ ಗಾಜಿನೊಳಗೆ ಇಟ್ಟಿರಿ. ದಸರೆಯ ಖಂಡೆ ಪೂಜೆಯ ದಿನ ಕ್ಯಾಮೆರಾಕ್ಕೆ, ಮೂರು ಕಾಲಿನ ಆ ಸ್ಟ್ಯಾಂಡಿಗೆ, ಗಾಜಿನೊಳಗಿನ ಚೌಕಟ್ಟುಗಳಿಗೆ, ಎಲ್ಲಕ್ಕೂ ಭಕ್ತಿಯಿಂದ ಚೆಂಡುಹೂವಿನ ಹಾರ ಹಾಕಿದಿರಿ.

ತಮಗೆ ತಿಳಿಯದ್ದೇನಲ್ಲ, ನಮ್ಮ ಮಂದಿಯಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಹಾರ ಹಾಕಿ ಫೋಟೋ ತೆಗೆಸುವ ರೂಢಿ. ದುಬಲಗುಂಡಿಯಿಂದ ಹುಮನಾಬಾದಿನ ಸಂತೆಗೆ ಬಂದ ನನ್ನ ತಂಗಿ ಭಾಗಮ್ಮ ಬಸ್ಸಿಳಿದು ಏನು ನೋಡಿದಳು? ನೆಟ್ಟಗೆ ಕುಳಿತ ಅಕ್ಕ, ವಿಭೂತಿ, ಹಾರ, ಮುಚ್ಚಿದ ಕಣ್ಣು. ಅಲ್ಲೇ ಎದೆ ಬಡಿದುಕೊಂಡು ಅತ್ತಳಂತೆ. ತಾವು ಒಳಗೆ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದಿರಂತೆ. ಸಿಕ್ಕ ಬಸ್ಸಿಗೆ ಅಳುತ್ತ ಬಂದವಳು ನಮ್ಮ ಬಾಗಿಲಲ್ಲಿ ನಿಂತು, ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಂತೋಷಪಡುವಳೆಂದುಕೊಂಡೆ. ನೀರು ಕುಡಿದು ಉಸಿರು ತಗೊಂಡು, "ಅಕ್ಕಾ, ನಿನ್ನ ಪಾಲಿಂದು ನಾ ಅತ್ತು ಮುಗಿಸೀನಿ. ಇನ್ನ ನೀ ಖರೇನ ಹೋದ್ರೂ ನಾ ಅಳಾಂಗಿಲ್ಲ ನೋಡ" ಎಂದು ಕಾಲು ಚಾಚಿ ಕುಳಿತಳು. ನನಗೆ ಬರಬೇಕಾದ ಅಳುವನ್ನು ತಮ್ಮ ಯಂತ್ರ ಹೀಗೆ ಮುಂಗಡವಾಗಿ ತಿಂದಿತು.

ಹಾರ ತೆಗೆಸಲು ಬಂದ ಬಸವಣಪ್ಪನಿಗೆ ತಾವು ಕೊಟ್ಟ ಸಮಾಧಾನವೂ ನನಗೆ ಮುಟ್ಟಿದೆ: "ಅಮ್ಮಗ ಹೇಳ್ರಿ, ಫ್ಲ್ಯಾಶ್ ಸಣ್ಣದಾಗ್ಯದ. ಮುಂದಿನ ತಿಂಗಳ ಹೈದರಾಬಾದಕ್ಕ ಹೋಗಿ ಇದರ ದುಪ್ಪಟ್ಟು ಬೆಳಕಿಂದು ತರ್ತೀನಿ." ಎಂಥ ಬುದ್ಧಿವಂತಿಕೆ! ಸಾರಿಗೆ ಖಾರ ಹೆಚ್ಚಾಯಿತೆಂದರೆ ಇನ್ನೊಂದು ಹಿಡಿ ಸುರಿಯುವ ಕೈ ತಮ್ಮದು.

ಮಾನ್ಯರೇ, ನಗೆಯಾಡಿದ್ದು ಸಾಕು. ನಮ್ಮ ಯಜಮಾನರ ಫೋಟೋ ನಮ್ಮ ಮನೆಯಲ್ಲಿ ಇರುವುದು ಒಂದೇ, ಅವರು ಹೋದ ದಿನ ತಾವೇ ಅಂಗಳದಲ್ಲಿ ತೆಗೆದದ್ದು. ಬದುಕಿದ್ದಾಗ ಅವರು ಕ್ಯಾಮೆರಾ ಮುಂದೆ ಕೂತವರೇ ಅಲ್ಲ. ಅವರದು ಬೆಕ್ಕಿನ ಕಣ್ಣು. ಒಬ್ಬಳು ಮೊಮ್ಮಗಳಿಗೂ ಅವೇ ಬಂದಿವೆ. ಇವು ಯಾರ ಕಣ್ಣು ಎಂದು ಅವಳು ಕೇಳಿದರೆ ನಾನು ಗೋಡೆಯತ್ತ ಕೈ ತೋರಿಸುತ್ತೇನೆ. ಅಲ್ಲಿ ರೆಪ್ಪೆ ಮಾತ್ರ ಇದೆ. ಬಾಯಿಮಾತಿನಲ್ಲಿ ಕಣ್ಣು ಎಷ್ಟು ತೋರಿಸಲಿ? ನಾನೂ ಹೋದ ಮೇಲೆ ಗೋಡೆಯ ಮೇಲೆ ಇನ್ನೊಂದು ಜೊತೆ ರೆಪ್ಪೆ ನನಗೆ ಬೇಡ. ನಾನು ನೋಡುತ್ತಿರಬೇಕು. ಸೊಸೆಯರು ಕೆನೆಗೆ ಕೈ ಹಾಕುವಾಗಲೂ ನೋಡುತ್ತಿರಬೇಕು.

ಆದ್ದರಿಂದ ಹೈದರಾಬಾದಿನ ಅಂಗಡಿಯಲ್ಲಿ ತಾವು ದಯವಿಟ್ಟು ಇಂಥ ಫ್ಲ್ಯಾಶ್ ಆರಿಸಬೇಕು: ಮಾವನ ಮನೆಗೆ ಬಂದ ಅಳಿಯನಂತೆ ಬಾಗಿಲಲ್ಲೇ ಕೆಮ್ಮಿ ಒಳಗೆ ಬರುವಂಥದು, ಹಿರಿಯರ ಮುಖವನ್ನು ನೆಟ್ಟಗೆ ದಿಟ್ಟಿಸದೆ, ಹೊಸ ಸೊಸೆಯಂತೆ ಗೋಡೆಯ ಕಡೆ ತಿರುಗಿ ಬೆಳಗುವಂಥದು, ಜೇಡರ ಬಲೆ ಕಂಡರೂ ಕಾಣದಂತೆ ಇರುವಂಥದು. ಸಿಗದಿದ್ದರೆ ಬರಿಗೈಲಿ ಬನ್ನಿ. ಅಂಗಳ ಇದೆ, ಬಿಸಿಲೂ ಇದೆ, ಬೆಳಿಗ್ಗೆ ಹೊತ್ತು ಅದು ಬಲು ಮರ್ಯಾದೆಯಿಂದ ಬರುತ್ತದೆ.

ಇನ್ನೂ ಉಸಿರಾಡುತ್ತಿರುವ ತಮ್ಮ ವಿಶ್ವಾಸಿ,
ಮಾಣಿಕಮ್ಮ
ಬಸವಕಲ್ಯಾಣ, ೧೯೭೪

ಬರೆದು ಮುಗಿಸಿದ ಮೇಲೆ ನೆನಪಾದದ್ದು: ಹಾರ ತೆಗೆದಿರಂತೆ, ಫೋಟೋ ಇನ್ನೂ ಅಲ್ಲೇ ಇದೆಯಂತೆ. ಇರಲಿ, ತೆಗೆಯಬೇಡಿ. ತಮ್ಮ ಉತ್ತರ ಬರದೆ ತಿಂಗಳು ತಿರುಗಿದರೆ ಹುಮನಾಬಾದಿಗೆ ಬಂದು ಆ ಗಾಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಇಡೀ ದಿನ ಕಣ್ಣು ಬಿಟ್ಟು ಕೂರುತ್ತೇನೆ. ಗಿರಾಕಿಗಳು ಅದನ್ನೂ ನೋಡಲಿ, ನನ್ನನ್ನೂ ನೋಡಲಿ, ಆಮೇಲೆ ತಮ್ಮ ಮೆಟ್ಟಿಲು ಹತ್ತಲಿ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ.